ಉಕ್ಕಿನ ರೆಕ್ಕೆಯ ಕೆಳಗೆ

ಅರ್ಥವಾಗದ ಕಲಾಕೃತಿಯ ಮುಂದೆ ನಿಂತಾಗ ನಾನು ಗಲ್ಲಕ್ಕೆ ಕೈಯಿಟ್ಟು 'ಹೂಂ' ಎನ್ನುತ್ತೇನೆ. ಗಾವಡಗೆರೆಯಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದು ಕಲಿತ ವಿದ್ಯೆ ಇದೊಂದೇ.

ಮೊನ್ನೆ ಮ್ಯೂಸಿಯಂ ಒಂದರ ಕಲಾ ಉದ್ಯಾನಕ್ಕೆ ಗೆಳೆಯ ನಯಾಜನನ್ನು ಕರೆದುಕೊಂಡು ಹೋಗಿದ್ದೆ. ಅವನದು ಹುಣಸೂರಿನಲ್ಲಿ ವೆಲ್ಡಿಂಗ್ ಅಂಗಡಿ. ಹುಲ್ಲುಹಾಸಿನ ನಡುವೆ ಮಹಡಿ ಮನೆಯೆತ್ತರದ ಉಕ್ಕಿನ ಶಿಲ್ಪ ನಿಂತಿತ್ತು. ಹೆಸರು 'ಅನಂತದ ರೆಕ್ಕೆ'. ಭೇರ್ಯದ ಯಾವುದೋ ರೈಸ್ ಮಿಲ್ಲಿನ ಸೂರು ಬಿರುಗಾಳಿಗೆ ಹಾರಿಬಂದು ಅಲ್ಲಿ ನಾಟಿಕೊಂಡಂತಿತ್ತು. ಪಕ್ಕದ ಫಲಕದಲ್ಲಿ ಅಸ್ತಿತ್ವ, ಶೂನ್ಯ, ಅವಕಾಶ ಎಂಬ ಪದಗಳು ಸಂತೆ ಬಸ್ಸಿನಲ್ಲಿ ನಿಂತವರ ಹಾಗೆ ಒಂದನ್ನೊಂದು ನೂಕುತ್ತಿದ್ದವು. ನಾನು ಗಲ್ಲಕ್ಕೆ ಕೈಯಿಟ್ಟೆ.

ನಯಾಜ್ ಮಾತ್ರ ಬಗ್ಗಿ ರೆಕ್ಕೆಯ ಬುಡ ನೋಡಿದ. "ಲೋ, ಬೆಸುಗೆ ಬುಟ್ಟದೆ ಕಣ್ಲಾ. ಗಾಳಿಗೆ ಅಲ್ಲಾಡ್ತಾ ಅದೆ."

ರೆಕ್ಕೆಯ ನೆರಳಲ್ಲಿ ಶಾಲೆಯ ಹೆಣ್ಣುಮಕ್ಕಳು ಬುತ್ತಿ ಬಿಚ್ಚಿ ಕೂತಿದ್ದರು. ಖಾದಿ ಜುಬ್ಬಾದ ಗೈಡ್ ಓಡಿ ಬಂದ. "ಮುಟ್ಟಬೇಡಿ! ಅದು ಬಿರುಕಲ್ಲ, ನಮ್ಮ ಕಾಲದ ಆತಂಕ."

"ಆತಂಕನೋ ಏನೋ ಸಾಮಿ, ಬಿದ್ರೆ ತಲೆ ಮ್ಯಾಲೇ ಬೀಳೋದು. ಮಕ್ಕಳನ್ನ ಎಬ್ಬಿಸ್ರಿ."

ಗೈಡ್ ನನ್ನತ್ತ ತಿರುಗಿದ. "ನೀವು ಕಲಾವಿದರ ಹಾಗೆ ಕಾಣ್ತೀರಿ ಸಾರ್. ಇವರಿಗೆ ಹೇಳಿ."

ಕಲಾವಿದ! ಜನ್ಮದಲ್ಲಿ ಯಾರೂ ಅನ್ನದ ಮಾತು. ನಾನು 'ಹೂಂ' ಎಂದುಬಿಟ್ಟೆ. ಶಿಲ್ಪಕ್ಕಿಂತ ಟೊಳ್ಳಾದ ವಸ್ತು ಆ ಹೊತ್ತು ಅಲ್ಲಿದ್ದರೆ ಅದು ನಾನೇ.

ನಯಾಜ್ ನನ್ನನ್ನು ಒಮ್ಮೆ ನೋಡಿದ. ನೇರ ಮಕ್ಕಳ ಬಳಿ ಹೋಗಿ, "ಏಳ್ರವ್ವಾ, ಆ ಹೊಂಗೆ ಮರದಡಿ ಇನ್ನೂ ತಂಪಾಗದೆ," ಎಂದ. ಅವನ ದನಿಗೆ ಅವರ ಟೀಚರೂ ಎದ್ದರು. ಗೈಡ್ ಗೊಣಗುತ್ತಲೇ ಇದ್ದ. ಮಕ್ಕಳು ಮರ ತಲುಪಿ ಐದು ನಿಮಿಷವಾಗಿರಲಿಲ್ಲ, ಗಾಳಿ ಬೀಸಿತು. ಅನಂತದ ರೆಕ್ಕೆ ನೆಲ ನಡುಗುವಂತೆ ಹುಲ್ಲಿನ ಮೇಲೆ ಬಿತ್ತು.

ಗೈಡ್ ಯಾರಿಗೋ ಫೋನ್ ಮಾಡಿದ. ಮಾತು ಮುಗಿಸುವಷ್ಟರಲ್ಲಿ ಮುಖಕ್ಕೆ ಕಳೆ ಬಂದಿತ್ತು. "ಶಿಲ್ಪಿಗಳು ಎತ್ತೋದು ಬೇಡ ಅಂದ್ರು ಸಾರ್. ಈಗ ಕೃತಿಗೆ ಇನ್ನೂ ಆಳ ಬಂದಿದೆಯಂತೆ."

ಅತ್ತ ಒಬ್ಬ ಹುಡುಗಿ ಅಳುತ್ತಿದ್ದಳು. ಅವಸರದಲ್ಲಿ ಬಿಟ್ಟುಬಂದ ಅವಳ ಸ್ಟೀಲ್ ಡಬ್ಬಿ ರೆಕ್ಕೆಯ ಅಂಚಿಗೆ ಸಿಕ್ಕಿ ಸೊಟ್ಟಗಾಗಿತ್ತು. ನಯಾಜ್ ಅದನ್ನು ಕಲ್ಲಿನ ಮೇಲಿಟ್ಟು, ಜೇಬಿನ ಸ್ಪ್ಯಾನರಿನಿಂದ ಒಳಗಿಂದ ಮೆಲ್ಲಗೆ ತಟ್ಟುತ್ತಾ ಕೂತ. ಸ್ವಲ್ಪ ಹೊತ್ತಿಗೆ ಮುಚ್ಚಳ 'ಟಕ್' ಎಂದು ಕೂತಿತು. ಹುಡುಗಿ ತೆಗೆದು ನೋಡಿದಳು, ಮುಚ್ಚಿ ನೋಡಿದಳು, ನಕ್ಕಳು.

ಆ ಡಬ್ಬಿಯ ಪಕ್ಕದಲ್ಲಿ ಯಾರೂ ಫಲಕ ನೆಡಬೇಕಾಗಲಿಲ್ಲ.