ಇಪ್ಪತ್ತೊಂದು ಏಟು

ಇದರ ಪ್ರತಿ ಅಕ್ಷರವೂ ನಿಜ; ಬೇಕಾದರೆ ತುಂಗಭದ್ರೆಯಲ್ಲಿ ನಿಂತು ಆಣೆ ಮಾಡುತ್ತೇನೆ. ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲಿಗೆ ಬರ. ಚನ್ನಗಿರಿಯ ಕ್ಲಬ್ಬಿನ ಪಿಂಗ್‌ಪಾಂಗ್ ಪಂದ್ಯದಲ್ಲಿ ಹೊನ್ನಾಳಿಯ ಹುಲಿ ಎನಿಸಿಕೊಂಡಿದ್ದ ಬಸಣ್ಣನನ್ನು ಸೋಲಿಸಿದ ಮಹಾಶೂರ ನಾನು, ಮರುದಿನ ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ ಹೊನ್ನಾಳಿಗೆ ಹೊರಟಿದ್ದೆ. ನನ್ನ ಗುರುತು ಹಿಡಿಯದ ಇಬ್ಬರು ಹಿಂದಿನ ಸೀಟಿನಲ್ಲಿ ಅದೇ ಪಂದ್ಯದ ಬಗ್ಗೆ ವಾದಕ್ಕಿಳಿದಿದ್ದರು.

“ನಿಮ್ಮ ಬಸಣ್ಣನಿಗೆ ನಮ್ಮೋರು ಇಪ್ಪತ್ತೊಂದು ಹೊಡೆದ್ರು ಕಣಯ್ಯ.”

“ಬಸಣ್ಣ ಏನು ಸುಮ್ನೆ ಬಿಟ್ನಾ? ಅವನೂ ಮೂರು ಹೊಡೆದಾನೆ.”

ನನ್ನ ಪಕ್ಕದಲ್ಲಿದ್ದ ಅಜ್ಜಿ ಸೆರಗನ್ನು ಬಾಯಿಗೊತ್ತಿಕೊಂಡರು. “ಬಸಣ್ಣ ನನ್ನ ಮಗ ಕಣಪ್ಪಾ. ಅಷ್ಟು ಏಟು ತಿಂದು ಹೆಂಗದಾನೋ. ಹೊಡೆದೋನ ಕೈ ಬಿದ್ದುಹೋಗ್ಲಿ.”

ನಾನು ಬಲಗೈಯನ್ನು ಟವಲಿನಡಿ ಸೇರಿಸಿ, ಎಡಗೈಯಿಂದ ಜೇಬಿನ ಚೆಂಡು ತೆಗೆದು ಅವರ ಅಂಗೈಯಲ್ಲಿಟ್ಟೆ. “ಏಟು ಬಿದ್ದದ್ದು ಇದಕ್ಕೆ ಅವ್ವಾ, ನಿಮ್ಮ ಮಗನಿಗಲ್ಲ. ಇದೊಂದು ಆಟ.”

ಅಜ್ಜಿ ಚೆಂಡನ್ನು ತೂಗಿ ನೋಡಿದರು, ಅದರಿಂದ ತಮ್ಮ ಕೆನ್ನೆಗೇ ಒಮ್ಮೆ ಮೆಲ್ಲಗೆ ಹೊಡೆದುಕೊಂಡರು. ಆಮೇಲೆ ಕಣ್ಣೊರೆಸಿಕೊಂಡು ನಕ್ಕರು.

“ಇಷ್ಟೇನಾ? ಹಂಗಾದ್ರೆ ಹೊಡೆದೋನ ಕೈ ತಣ್ಣಗಿರ್ಲಿ ಬಿಡಪ್ಪ.”

ನಾನು ಬಲಗೈ ಹೊರಗೆ ತೆಗೆದೆ.

ಒಂದು ಸಣ್ಣ ವಿಷಯ ಮಾತ್ರ ನಾನೇ ಕಟ್ಟಿದ್ದು. ಬಸಣ್ಣ ಹೊಡೆದದ್ದು ಮೂರಲ್ಲ, ಹತ್ತೊಂಬತ್ತು.