ಅತ್ತೆಯ ಹಾಡಿನ ಖಾಲಿ ಜಾಗ

ದೆವ್ವ, ಆತ್ಮ ಎಂದು ಯಾರಾದರೂ ಬಾಯಿ ತೆರೆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮುಲುಂಡ್‌ನ ನಮ್ಮ ಬಿಲ್ಡಿಂಗ್‌ನ ಒಂದು ಕೋಣೆಯಲ್ಲಿ ಹಾಡು ರೆಕಾರ್ಡ್ ಮಾಡಿ ಹದಗೊಳಿಸುವುದು ನನ್ನ ಕೆಲಸ. ದಿನವಿಡೀ ಹೆಡ್‌ಫೋನ್ ಹಾಕಿಕೊಂಡು ಕೂತವನಿಗೆ ಫ್ಯಾನಿನ ಗುಂಯ್ ಯಾವುದು, ದೂರದ ಲೋಕಲ್ ರೈಲಿನ ನಡುಕ ಯಾವುದು ಎಂದು ತಿಳಿಯುತ್ತದೆ. ಅರ್ಥವಾಗದ ಸದ್ದು ಎಂಬುದೇ ಇಲ್ಲ, ಸರಿಯಾಗಿ ಕೇಳದ ಕಿವಿ ಇರುತ್ತದೆ ಅಷ್ಟೆ ಎಂದು ಊರೆಲ್ಲ ಜಗಳ ಮಾಡಿದವನು ನಾನು. ಹಾಗಾಗಿ ಮುಂದಿನದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಆಂಟಾಪ್ ಹಿಲ್‌ನಲ್ಲಿ ಇರುವವರು. ಅಲ್ಲಿನ ಉಡುಪಿ ಕಡೆಯ ಹೆಂಗಸರ ಭಜನಾ ಮಂಡಳಿಯಲ್ಲಿ ಮೊದಲಿನಿಂದಲೂ ಅವರದೇ ಯಜಮಾನಿಕೆ. ಭಜನೆ ನೀವೂ ಕೇಳಿರುತ್ತೀರಿ. ಒಬ್ಬರು ಒಂದು ಸಾಲು ಹೇಳಿಕೊಡಬೇಕು, ಉಳಿದವರು ಅದನ್ನೇ ತಿರುಗಿ ಹೇಳಬೇಕು. ನನ್ನ ಅಮ್ಮ ಆ ಉಳಿದವರಲ್ಲಿ ಒಬ್ಬಳು. ಸ್ವರ ಮಾತ್ರ ಅತ್ತೆಗಿಂತ ಚೆಂದ, ಅದೇ ತೊಂದರೆಯಾಯಿತು. ಅತ್ತೆ ಸಾಲು ಮುಗಿಸುವ ಮೊದಲೇ ಅಮ್ಮ ಎತ್ತಿಕೊಂಡುಬಿಡುತ್ತಿದ್ದಳು. ಅತ್ತೆ ಮುಚ್ಚಿದ ಕಣ್ಣು ತೆರೆಯದೆ, ತಡೆ ಎಂಬಂತೆ ಅಂಗೈ ಎತ್ತುತ್ತಿದ್ದರು. ಒಂದು ದಿನ ಎಲ್ಲರೆದುರು, "ನಿಂಗೆ ಅಷ್ಟು ಅರ್ಜೆಂಟ್ ಉಂಟಾದ್ರೆ ಮನೆಯಲ್ಲೇ ಕೂತು ಹಾಡು" ಎಂದುಬಿಟ್ಟರು.

ಅಮ್ಮ ಎದ್ದು ಬಂದಳು. ಆಮೇಲೆ ಮನೆಯಲ್ಲೂ ಹಾಡಲಿಲ್ಲ. ನಾನು ಮೈಕ್ ಹಿಡಿದು ಗೋಗರೆದರೆ ಎದ್ದು ಅಡಿಗೆಮನೆಗೆ ಹೋಗುತ್ತಿದ್ದಳು. ಹಾಡದೆಯೇ ತೀರಿಕೊಂಡಳು. ಊರವರ ಹಾಡೆಲ್ಲ ನನ್ನ ಕಂಪ್ಯೂಟರಿನಲ್ಲಿದೆ, ಅಮ್ಮನ ಒಂದು ಸಾಲೂ ಇಲ್ಲ. ಇದಕ್ಕಾಗಿ ಅತ್ತೆಯನ್ನು ಕಂಡರೆ ನನಗೆ ದ್ವೇಷ. ಕೋಪ, ಮುನಿಸು ಎಂದೆಲ್ಲ ನಯ ಮಾಡುವುದಿಲ್ಲ, ದ್ವೇಷವೇ.

ಹೀಗಿರುವಾಗ ಅತ್ತೆಯ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆದ ಮೇಲೆ ಸ್ವರ ಉಳಿಯುವುದು ಅನುಮಾನ ಎಂದರಂತೆ ಡಾಕ್ಟರು. ಅದಕ್ಕೆ ಮೊದಲು ಒಂದು ದೇವರನಾಮ ರೆಕಾರ್ಡ್ ಆಗಬೇಕು ಎಂದು ಅತ್ತೆಯ ಹಟ. ಅಪ್ಪ ಕೈಮುಗಿದು ಕೇಳಿದ್ದಕ್ಕೆ ಒಪ್ಪಿದೆ. ಒಂದು ಮಧ್ಯಾಹ್ನ ಅತ್ತೆ ಬಂದರು. ಅವರು ನೀರು ಕೇಳಲಿಲ್ಲ, ನಾನು ಕೊಡಲೂ ಇಲ್ಲ.

ಹಾಡತೊಡಗಿದವರು ಪ್ರತಿ ಸಾಲು ಮುಗಿದ ಮೇಲೂ ಸುಮ್ಮನಾಗುತ್ತಿದ್ದರು. ಸಾಲಿನಷ್ಟೇ ಉದ್ದದ ಖಾಲಿ ಜಾಗ. ನಾನು ನಿಲ್ಲಿಸಿದೆ.

"ಎಂತಕ್ಕೆ ಗ್ಯಾಪ್ ಬಿಡ್ತೀರಿ? ತಿರುಗಿ ಹೇಳ್ಲಿಕ್ಕೆ ಇಲ್ಲಿ ಯಾರೂ ಇಲ್ಲ."

"ಬಿಡದೆ ಹಾಡ್ಲಿಕ್ಕೆ ನಂಗೆ ಬರುದಿಲ್ಲ ಮಾರಾಯ. ಹೇಳಿಕೊಟ್ಟೇ ಅಭ್ಯಾಸ."

"ಹಾಗಾದ್ರೆ ಬೇಗ ಬೇಗ ಮುಗಿಸಿ."

"ನೀನೂ ನಿನ್ನ ಅಮ್ಮನ ಹಾಗೇ, ತಾಳ್ಮೆ ಇಲ್ಲ. ಹುಟ್ಟುಗುಣ ಸುಟ್ಟರೂ ಹೋಗುದಿಲ್ಲ ಅಂತಾರಲ್ಲ" ಎಂದರು.

ಅಮ್ಮನನ್ನು ಸುಟ್ಟು ಬಂದ ಕೈ ನನ್ನದು. ಮತ್ತೆ ರೆಕಾರ್ಡ್ ಬಟನ್ ಒತ್ತಿದೆ.

ಅವರು ಹೋದ ಮೇಲೆ ಕೆಲಸಕ್ಕೆ ಕೂತೆ. ಕಂಪ್ಯೂಟರಿನಲ್ಲಿ ಹಿಡಿದ ಸ್ವರ ತಣ್ಣಗೆ, ಸ್ಟೀಲ್ ಲೋಟ ತಟ್ಟಿದಂತೆ ಕೇಳುತ್ತದೆ. ಅದಕ್ಕೆ ಸ್ಯಾಚುರೇಶನ್ ಪ್ಲಗಿನ್ ಎಂಬ ಸಾಫ್ಟ್‌ವೇರ್ ಹಾಕುತ್ತೇವೆ. ಹಳೆಯ ಟೇಪ್ ಮೆಷಿನ್ನುಗಳಲ್ಲಿ ಸದ್ದು ಜೋರಾದರೆ ಅದರ ಅಂಚು ಸ್ವಲ್ಪ ಒಡೆದು ಹಾಡಿಗೆ ಒಂದು ಬಿಸುಪು ಬರುತ್ತಿತ್ತು. ಅದರ ನಕಲು ಇದು. ಜೊತೆಗೆ, ಅಡಗಿ ಕೂತ ಸಣ್ಣ ಸದ್ದುಗಳನ್ನು ಮೇಲೆತ್ತುತ್ತದೆ. ನೆನಪಿಡಿ, ಎತ್ತುವುದು ಇದ್ದದ್ದನ್ನು ಮಾತ್ರ. ಇಲ್ಲದ ಮನುಷ್ಯರನ್ನು ಅದು ತರಲಾರದು.

ಪ್ಲಗಿನ್ ಹಾಕಿದೆ. ಅತ್ತೆಯ ಮೊದಲ ಸಾಲು ಮುಗಿಯುವ ಮುನ್ನವೇ ಇನ್ನೊಂದು ಸ್ವರ ಎತ್ತಿಕೊಂಡಿತು.

ಅಮ್ಮ. ತೆಳ್ಳಗೆ, ದೂರದಿಂದ, ಆದರೆ ಅಮ್ಮನೇ. ಅತ್ತೆಯ ಕೊನೆಯ ಅಕ್ಷರವನ್ನು ತುಳಿದುಕೊಂಡು ಬರುವ ಅದೇ ಅವಸರ. ಭಕ್ತಿಯೂ ಇಲ್ಲ, ಕನಿಕರವೂ ಇಲ್ಲ, ಬರೀ ಸಿಟ್ಟು. ಪ್ಲಗಿನ್ ತೆಗೆದರೆ ಕೋಣೆಯ ಮೌನ, ಹಾಕಿದರೆ ಅಮ್ಮ. ಅತ್ತೆಯ ಸ್ವರವೇ ಹೀಗೆ ಕೇಳುತ್ತಿದೆಯೇನೋ ಎಂದು, ಮೂಲ ಹಾಡನ್ನು ಪೂರ್ತಿ ಕಳೆದು, ಪ್ಲಗಿನ್ ಸೇರಿಸಿದ್ದಷ್ಟೇ ಉಳಿಯುವಂತೆ ಮಾಡಿ ಕೇಳಿದೆ. ಅಲ್ಲಿ ಒರಟು ಗರಗರ ಮಾತ್ರ ಇರಬೇಕು. ಅಲ್ಲಿ ಅಮ್ಮ ಇನ್ನೂ ಸ್ಪಷ್ಟವಾಗಿದ್ದಳು. ನಾನು ಗೊಳೋ ಎಂದು ಅತ್ತುಬಿಟ್ಟೆ. ಹೆದರಿ ಅಲ್ಲ, ಸಿಕ್ಕಿದಳಲ್ಲ ಎಂದು.

ಅದನ್ನು ಬೇರೆ ಫೈಲ್ ಮಾಡಿ ಇಟ್ಟುಕೊಂಡೆ. ಅತ್ತೆಗೆ ಅಮ್ಮನನ್ನು ಕೊಡುವ ಮಾತೇ ಇರಲಿಲ್ಲ. ಪ್ಲಗಿನ್ ಇಲ್ಲದ ತಣ್ಣನೆಯ ಹಾಡನ್ನೇ ಅವರಿಗಾಗಿ ತೆಗೆದಿಟ್ಟೆ. ಖಾಲಿ ಜಾಗಗಳನ್ನೂ ಕತ್ತರಿಸಲಿಲ್ಲ, ಆ ಖಾಲಿಯನ್ನೇ ಕೇಳುತ್ತ ಕೂತಿರಲಿ ಎಂದು.

ಆಪರೇಷನ್ ಆಯಿತು. ಸ್ವರ ಹೋಯಿತು. ಆಂಟಾಪ್ ಹಿಲ್‌ಗೆ ಹೋಗಿ, ಗಂಟಲಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಅತ್ತೆಯ ಕಿವಿಗೆ ನಾನೇ ಹೆಡ್‌ಫೋನ್ ಹಾಕಿದೆ. ಅವರು ಕಣ್ಣು ಮುಚ್ಚಿದರು. ಒಂದು ಸಾಲಿನಷ್ಟು ಹೊತ್ತು ಮುಖ ಶಾಂತವಾಗಿತ್ತು. ಆಮೇಲೆ ಹುಬ್ಬು ಗಂಟಾಯಿತು. ಅಂಗೈ ಮೇಲೆದ್ದಿತು, ತಡೆ ಎಂಬಂತೆ. ಮುಂದಿನ ಸಾಲಿಗೂ ಎದ್ದಿತು. ಪ್ರತಿ ಸಾಲಿಗೂ.

ಅಭ್ಯಾಸಬಲ ಎನ್ನುತ್ತೀರಿ, ಇರಲಿ. ಆದರೆ ನನ್ನ ಕೋಣೆಯಲ್ಲಿ ಹಾಡಿದ ದಿನ ಆ ಕೈ ಒಮ್ಮೆಯೂ ಎದ್ದಿರಲಿಲ್ಲ. ನಾನು ಕೇಳಿದ್ದನ್ನು ಯಾರಿಗೂ ಹೇಳಿರಲಿಲ್ಲ. ಹೆಡ್‌ಫೋನ್ ಕಸಿದು ನನ್ನ ಕಿವಿಗಿಟ್ಟು ಕೇಳಿದೆ. ಸಾಲುಗಳ ನಡುವೆ ಏನೂ ಇಲ್ಲ. ಅತ್ತೆ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಮತ್ತೆ ಹಾಕಿಕೊಂಡರು.

ಮನೆಗೆ ಓಡಿ ಬಂದು ನಾನು ಇಟ್ಟುಕೊಂಡಿದ್ದ ಫೈಲ್ ತೆರೆದೆ. ಬರೀ ಗರಗರ. ಪ್ಲಗಿನ್ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದೆ. ಅತ್ತೆಯ ಸ್ವರ ಬೆಚ್ಚಗಾಗುತ್ತದೆ, ಅಷ್ಟೆ.

ಅತ್ತೆ ದಿನಾ ಆ ಹಾಡು ಕೇಳುತ್ತಾರಂತೆ. ಕೈ ಎತ್ತುತ್ತಾರೆ, ಸಿಡುಕುತ್ತಾರೆ, ಮುಗಿದ ಕೂಡಲೇ ಮತ್ತೆ ಹಾಕಿಕೊಳ್ಳುತ್ತಾರೆ ಎಂದು ಅಪ್ಪ ಹೇಳುತ್ತಾರೆ. ಅದು ಹೇಗೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಅದಕ್ಕಿಂತ ತಿಳಿಯದ ಸಂಗತಿ ಇನ್ನೊಂದಿದೆ. ಮೈಕ್ ಹಿಡಿದು ಗೋಗರೆದ ಮಗ ಇಲ್ಲಿ ಕೂತಿದ್ದೇನೆ. ಅಮ್ಮ ಇಲ್ಲಿ ನಿಲ್ಲದೆ, ಬೈದು ಕಳಿಸಿದವಳ ಹತ್ತಿರ ಹೋಗಿ ಹಾಡುತ್ತಿದ್ದಾಳೆ.