ಗುಲಾಬಿ ಬಣ್ಣದ ಬೆಂಡೆ ಬೀಜ

ಪುತ್ತಿಗೆಯ ನಮ್ಮ ಅಂಗನವಾಡಿಯ ಹಿತ್ತಿಲಲ್ಲಿ ಮಕ್ಕಳ ಕೈಯಿಂದಲೇ ತರಕಾರಿ ತೋಟ ಮಾಡಿಸುವ ಹುಮ್ಮಸ್ಸು ನನಗೆ ಬಂದ ವರ್ಷ, ಬೀಜವನ್ನು ಪೇಟೆಯಿಂದ ತಂದೆ. ಬೂದಿ ಬೆರೆಸಿ ಕಾದಿಟ್ಟ ಬೀಜ ಮಕ್ಕಳ ಮನೆಗಳಲ್ಲಿ ಬೇಕಾದಷ್ಟಿತ್ತು. ಟೀಚರಾದವಳು ಮನೆಮನೆಗೆ ಹೋಗಿ ಬೇಡುವುದೇ ಎಂಬ ಜಂಬ ನನ್ನದು. ಬಂದ್ಯೋಡಿನಲ್ಲಿ ಬಸ್ಸು ಹತ್ತುವ ಅವಸರದಲ್ಲಿ ಬೆಂಡೆಯ ಒಂದು ಪ್ಯಾಕೆಟ್ ಚೀಲಕ್ಕೆ ತುರುಕಿಕೊಂಡೆ. ಅದರ ಹಿಂದೆ ಏನು ಬರೆದಿದೆ ಎಂದು ಓದಲಿಲ್ಲ.

ಮರುದಿನ ಹನ್ನೊಂದು ಮಕ್ಕಳಿಗೆ ತಲಾ ಒಂದು ಬೀಜ ಕೊಟ್ಟೆ. ಎಲ್ಲದಕ್ಕೂ ಗುಲಾಬಿ ಬಣ್ಣ, ಥೇಟ್ ಜೀರಿಗೆ ಮಿಠಾಯಿ. ಮಕ್ಕಳಿಗೆ ಖುಷಿಯೋ ಖುಷಿ. ಬೀಜಕ್ಕೆ ದಿನಾ ನೀರು ಬೇಕು, ಒಂದು ದಿನವೂ ತಪ್ಪಬಾರದು ಎಂದು ದೊಡ್ಡ ಪಾಠವನ್ನೂ ಮಾಡಿದೆ. ನೆಟ್ಟಾದ ಮೇಲೆ ಎಣಿಸಿದರೆ ಗುಳಿ ಹತ್ತೇ ಇದ್ದವು. ನಾಲ್ಕು ವರ್ಷದ ಒಬ್ಬಳ ತುಟಿ ಮಾತ್ರ ಗುಲಾಬಿಯಾಗಿತ್ತು.

ಆಗ ಪ್ಯಾಕೆಟ್ ತಿರುಗಿಸಿದೆ. ಮದ್ದು ಸವರಿದ ಬೀಜ, ತಿನ್ನಬಾರದು ಎಂದಿತ್ತು.

ನಮ್ಮ ಜಿಲ್ಲೆಯಲ್ಲಿ ಮದ್ದು ಎಂಬ ಮಾತಿಗೆ ಬೇರೆಯೇ ಭಾರ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸುರಿದ ಕೀಟನಾಶಕದ ಮದ್ದು ಮಕ್ಕಳನ್ನು ಏನು ಮಾಡಿತೆಂದು ನೋಡುತ್ತಲೇ ಬೆಳೆದವಳು ನಾನು. ಆ ಹುಡುಗಿಯ ಮುಂದೆ ಕುಕ್ಕರಿಸಿದೆ. ಅವಳ ಮನೆಮಾತು ಬ್ಯಾರಿಯಲ್ಲೇ, "ತಿಂದೆಯಾ?" ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದಳು. "ನೆಟ್ಟೆಯಾ?" ಅದಕ್ಕೂ ಹೌದು. ಉಳಿದವರನ್ನು ಸಹಾಯಕಿಗೆ ಒಪ್ಪಿಸಿ, ಅವಳನ್ನು ಎತ್ತಿಕೊಂಡು ಆಟೋ ಹತ್ತಿದೆ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಆರೋಗ್ಯ ಕೇಂದ್ರದ ಡಾಕ್ಟರು ಅವಳ ಬಾಯಿ ತೊಳೆಸಿ, ಕಣ್ಣು ನಾಲಿಗೆ ಪರೀಕ್ಷಿಸಿದರು. ಆಮೇಲೆ ಮಲಯಾಳದಲ್ಲಿ, "ಆನೆಯನ್ನೂ ತಿಂದೆಯಾ?" ಎಂದರು. ಬ್ಯಾರಿಗೆ ಹತ್ತಿರದ ಭಾಷೆ, ಅವಳಿಗೆ ಅರ್ಥವಾಯಿತು. ಹೌದೆಂದು ತಲೆಯಾಡಿಸಿದಳು.

"ಇವಳ ಸಾಕ್ಷಿ ನಂಬಬೇಡಿ ಟೀಚರೇ. ಬರೀ ಬೆರಳು ನೆಕ್ಕಿದ್ದೂ ಇರಬಹುದು. ಸಂಜೆವರೆಗೆ ಇಲ್ಲಿರಲಿ, ಆಮೇಲೆ ಮನೆಯಲ್ಲಿ ನೋಡಿಕೊಳ್ಳಲಿ."

ಅಷ್ಟರಲ್ಲಿ ಅವಳ ಅಜ್ಜಿ ಏದುಸಿರು ಬಿಡುತ್ತಾ ಬಂದರು. ಬೈಗುಳಕ್ಕೆ ತಯಾರಾಗಿ ತಲೆತಗ್ಗಿಸಿ ನಿಂತೆ. ಅವರು ಬೈಯಲಿಲ್ಲ. "ನಮ್ಮಲ್ಲಿ ಬೀಜ ಉಂಟಲ್ಲ ಟೀಚರೇ, ಒಂದು ಮಾತು ಕೇಳ್ಲಿಕ್ಕೆ ನಿಮಗೆ ಎಂತ ಕಷ್ಟ?" ಎಂದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಸಂಜೆ ಮನೆಗೆ ಹೋದ ಮಗು ಐದು ದಿನ ಬರಲಿಲ್ಲ. ನಾನು ಬೆಳಿಗ್ಗೆ ಸಂಜೆ ಫೋನು ಮಾಡುತ್ತಿದ್ದೆ. ಉಂಡಳಾ, ನಿದ್ದೆ ಮಾಡಿದಳಾ, ವಾಂತಿ ಉಂಟಾ. "ಆಡ್ತಾ ಇದ್ದಾಳೆ ಟೀಚರೇ, ನೀವು ಮೊದಲು ಊಟ ಮಾಡಿ" ಎನ್ನುತ್ತಿದ್ದರು ಅಜ್ಜಿ. ನನಗೆ ನಂಬಿಕೆ ಬರುತ್ತಿರಲಿಲ್ಲ. ಹತ್ತು ಗುಳಿಗಳಲ್ಲಿ ಮೊಳಕೆ ಬಂದಾಗಲೂ ಆ ಕಡೆ ನೋಡಲು ಮನಸ್ಸಾಗಲಿಲ್ಲ.

ಆರನೆಯ ದಿನ ಬಂದವಳು ಚೀಲ ಕೂಡ ಇಳಿಸದೆ ಕೈತೊಳೆಯುವ ನಲ್ಲಿಯ ಬಳಿಗೆ ಓಡಿದಳು. ಹಿಂದೆಯೇ ಓಡಿದೆ. ನೀರು ಹರಿದುಹೋಗುವ ಕಡೆ, ಕಲ್ಲಿನ ಪಕ್ಕದಲ್ಲಿ ಎರಡೆಲೆಯ ಬೆಂಡೆ ಸಸಿ. ಒಂದೆಲೆಯ ತುದಿಗೆ ಬೀಜದ ಸಿಪ್ಪೆ ಇನ್ನೂ ಅಂಟಿಕೊಂಡಿತ್ತು, ಗುಲಾಬಿ ಬಣ್ಣದ್ದು. ನಾನು ಆ ಕೆಸರಿನಲ್ಲೇ ಕುಸಿದು ಕುಳಿತು, ಮಕ್ಕಳೆದುರೇ ಗಳಗಳನೆ ಅತ್ತೆ. ಹನ್ನೊಂದನೆಯ ಬೀಜ ಅವಳ ಹೊಟ್ಟೆಗೆ ಹೋಗಿರಲಿಲ್ಲ.

"ಇಲ್ಲಿ ಎಂತಕ್ಕೆ ನೆಟ್ಟದ್ದು?" ಎಂದು ಕಣ್ಣೊರೆಸಿಕೊಂಡು ಕೇಳಿದೆ.

"ಇಲ್ಲಿ ದಿನಾ ನೀರು ಉಂಟಲ್ಲ" ಎಂದಳು.

ನನ್ನ ಪಾಠವನ್ನು ಸರಿಯಾಗಿ ಕೇಳಿಸಿಕೊಂಡವಳು ಅವಳೊಬ್ಬಳೇ. ನಾನಾದರೋ ತಿಂದೆಯಾ, ನೆಟ್ಟೆಯಾ ಎಂದು ಕೇಳಿದ್ದೆ. ಎಲ್ಲಿ ಎಂದು ಕೇಳಿರಲೇ ಇಲ್ಲ.